ಸ್ಟ್ರೈಕರ್ ಓಡುವುದಿಲ್ಲ ಎಂಬ ದೂರು

ಈ ಬೇಸಿಗೆಯಲ್ಲಿ ಕೊಡಗಿನ ಸಿದ್ದಾಪುರದ ಕಡೆ ನಡೆದ ಒಂದು ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಕಿವಿಗೆ ಬಿದ್ದ ಮಾತು ಎರಡು ತಿಂಗಳು ಕಳೆದರೂ ನನ್ನ ತಲೆಯಿಂದ ಹೋಗಿಲ್ಲ. ನಮ್ಮ ತಂಡ ಒಂದು ಗೋಲಿನಿಂದ ಸೋತಿತ್ತು. ಒಂದು ಕಾಲದಲ್ಲಿ ಒಳ್ಳೆಯ ಆಟಗಾರರಾಗಿದ್ದ ಹಿರಿಯರೊಬ್ಬರು, ಗೋಲು ಹೊಡೆಯಲು ಮುಂದೆ ಆಡುವ ನಮ್ಮ ಸ್ಟ್ರೈಕರ್ ಹುಡುಗನನ್ನು ಹತ್ತಿರ ಕರೆದು, "ನೀನು ಓಡೋದೇ ಇಲ್ಲವಲ್ಲ ಮಗ, ಬಾಲ್ ಹೋದಮೇಲೆ ಎಚ್ಚರ ಆಗ್ತೀಯ" ಎಂದರು. ಹತ್ತೊಂಬತ್ತರ ಆ ಹುಡುಗ ಮರುಮಾತಾಡದೆ ಶೂ ಲೇಸು ಬಿಚ್ಚುತ್ತ ಕುಳಿತ. ಹಿರಿಯರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಅವರು ಕಂಡದ್ದನ್ನು ಹೇಳಿದ್ದರು. ಆದರೆ ಅವರು ಗಮನವಿಟ್ಟು ನೋಡಿದ್ದು ದ್ವಿತೀಯಾರ್ಧವನ್ನು ಮಾತ್ರ. ಮೊದಲರ್ಧದಲ್ಲಿ ಆ ಹುಡುಗ ಏಳು ಸಲ ಡಿಫೆಂಡರ್‌ಗಳ ಬೆನ್ನ ಹಿಂದಿನ ಜಾಗಕ್ಕೆ ಬಿರುಸಾಗಿ ಓಡಿದ್ದನ್ನು ನಾನು ಬೆರಳು ಮಡಚಿ ಎಣಿಸಿದ್ದೆ. ಏಳು ಸಲವೂ ಬಲಬದಿಯಲ್ಲಿ ಚೆಂಡು ಹಿಡಿದಿದ್ದವನು ಅದನ್ನು ಒದೆಯದೆ ಇನ್ನೊಂದು ಸಲ ತಟ್ಟಿಕೊಂಡು ಮುಂದಕ್ಕೆ ಹೋದ. ದ್ವಿತೀಯಾರ್ಧದಲ್ಲಿ ಹುಡುಗ ಎರಡೇ ಸಲ ಓಡಿದ. ಕೊನೆಯ ಇಪ್ಪತ್ತು ನಿಮಿಷ ನಿಂತೇ ಇದ್ದ.

ಆ ಹೊತ್ತಿಗೆ ಅಲ್ಲಿಯೇ ಉತ್ತರ ಕೊಡಬಹುದಿತ್ತು. ಸೋತ ಬೇಸರದಲ್ಲಿದ್ದವರ ಎದುರು ಮಾತು ಬೆಳೆಸುವುದು ಬೇಡವೆಂದು ಸುಮ್ಮನಾದೆ. ಸುಮ್ಮನಾದದ್ದು ಸರಿಯಲ್ಲವೆಂದು ಈಗ ಅನ್ನಿಸುತ್ತಿದೆ. ಏಕೆಂದರೆ ಇಪ್ಪತ್ತೈದು ವರ್ಷಗಳ ಹಿಂದೆ ಇದೇ ದೂರನ್ನು ನನ್ನ ಮೇಲೆ ಹೊರಿಸಿ ಎರಡು ಋತು ನನ್ನನ್ನು ಗೆರೆಯ ಹೊರಗೆ ಕೂರಿಸಿದ್ದರು, ಆಗ ಯಾರೂ ನನ್ನ ಪರವಾಗಿ ಬಾಯಿ ಬಿಟ್ಟಿರಲಿಲ್ಲ. ಸ್ಟ್ರೈಕರ್‌ನ ಓಟದ ಅರ್ಧ ಭಾಗ ಬದಿಯಲ್ಲಿ ಚೆಂಡು ಹಿಡಿದವನ ಕಾಲಿನಲ್ಲಿರುತ್ತದೆ. ಆ ಕಾಲು ಬೇಗ ಬೀಸಿದರೆ ಇವನು ಓಡುವುದನ್ನು ಕಲಿಯುತ್ತಾನೆ, ತಡಮಾಡಿದರೆ ನಿಲ್ಲುವುದನ್ನು ಕಲಿಯುತ್ತಾನೆ. ಇದನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಹನ್ನೊಂದು ಮೀಟರ್

ಕೋಚ್‌ಗಳು ಅರ್ಲಿ ಕ್ರಾಸ್ ಎನ್ನುವುದು ಯಾವುದನ್ನು ಎಂಬುದು ಆಟ ನೋಡುವವರಿಗೆ ಗೊತ್ತೇ ಇದೆ. ಬದಿಯಲ್ಲಿ ಮುಂದೆ ಆಡುವ ವಿಂಗರ್ ಅಥವಾ ಹಿಂದೆ ಆಡುವ ಬ್ಯಾಕ್ ಎದುರಾಳಿಯ ಗೋಲ್ ಲೈನಿನ ತನಕ ಓಡದೆ, ಇನ್ನೂ ಇಪ್ಪತ್ತೈದು ಮೂವತ್ತು ಮೀಟರ್ ಬಾಕಿ ಇರುವಾಗಲೇ, ಡಿಫೆಂಡರ್‌ಗಳು ತಮ್ಮ ಗೋಲಿನ ಕಡೆ ಮುಖ ಮಾಡಿ ಹಿಂದಕ್ಕೆ ಓಡುತ್ತಿರುವಾಗಲೇ, ಅವರಿಗೂ ಗೋಲ್‌ಕೀಪರ್‌ಗೂ ನಡುವೆ ಉಳಿದಿರುವ ಖಾಲಿ ಪಟ್ಟಿಗೆ ಚೆಂಡನ್ನು ಬಾಗಿಸಿ ಕಳಿಸುತ್ತಾನೆ. ಆ ಪಟ್ಟಿ ಎರಡು ಮೂರು ಸೆಕೆಂಡು ಮಾತ್ರ ಖಾಲಿ ಇರುತ್ತದೆ. ಡಿಫೆಂಡರ್‌ಗಳು ಬಂದು ನಿಂತರೆ, ಕೀಪರ್ ಎರಡು ಹೆಜ್ಜೆ ಮುಂದೆ ಬಂದರೆ, ಅದು ಮುಚ್ಚಿಹೋಗುತ್ತದೆ.

ಈಗ ಲೆಕ್ಕ ನೋಡಿ. ಪೆನಾಲ್ಟಿ ಆವರಣದ ಗೆರೆ ಗೋಲ್ ಲೈನಿನಿಂದ 16.5 ಮೀಟರ್ ದೂರದಲ್ಲಿದೆ, ಅದರೊಳಗಿನ ಚಿಕ್ಕ ಆವರಣದ ಗೆರೆ 5.5 ಮೀಟರ್ ದೂರದಲ್ಲಿದೆ. ನಡುವಿನ ಅಂತರ 11 ಮೀಟರ್. ಬದಿಯಿಂದ ಗಟ್ಟಿಯಾಗಿ ಒದ್ದ 30-35 ಮೀಟರಿನ ಕ್ರಾಸ್ ಗೋಲಿನ ಮುಂದೆ ತಲುಪಲು ಹೆಚ್ಚುಕಡಿಮೆ ಒಂದೂವರೆ ಸೆಕೆಂಡು ಬೇಕು. ಆಗಲೇ ಬಿರುಸು ಹಿಡಿದಿರುವ ಸ್ಟ್ರೈಕರ್ ಅಷ್ಟು ಹೊತ್ತಿನಲ್ಲಿ ಹತ್ತು ಹನ್ನೊಂದು ಮೀಟರ್ ದಾಟುತ್ತಾನೆ. ನಿಂತ ನಿಲುವಿನಿಂದ ಹೊರಟವನಿಗೆ ಏಳು ಮೀಟರ್ ದಾಟುವುದೇ ಕಷ್ಟ. ಆ ಮೂರು ನಾಲ್ಕು ಮೀಟರಿನ ಕೊರತೆಯಲ್ಲಿಯೇ ಚೆಂಡು ಅವನ ಮೂಗಿನ ಮುಂದೆ ಹಾದು ಆಚೆಯ ಗೆರೆ ದಾಟಿ ಹೋಗುತ್ತದೆ, ನೋಡುವವರು "ಅಯ್ಯೋ, ಒಂದು ಹೆಜ್ಜೆ" ಎನ್ನುತ್ತಾರೆ. ಆ ಒಂದು ಹೆಜ್ಜೆ ತಪ್ಪಿದ್ದು ಚೆಂಡು ಹತ್ತಿರ ಬಂದಾಗ ಅಲ್ಲವೇ ಅಲ್ಲ, ಚೆಂಡು ಇನ್ನೂ ವಿಂಗರ್‌ನ ಕಾಲಿನಲ್ಲಿದ್ದಾಗ.

ಹಾಗಾದರೆ ಮೊದಲೇ ಹೊರಡಬಹುದಲ್ಲ ಎಂದರೆ ಆಫ್‌ಸೈಡ್ ಅಡ್ಡ ಬರುತ್ತದೆ: ಎದುರಾಳಿಯ ಅರ್ಧದಲ್ಲಿ ಚೆಂಡಿಗಿಂತಲೂ ಕೊನೆಯಿಂದ ಎರಡನೆಯ ಎದುರಾಳಿಗಿಂತಲೂ ಗೋಲಿಗೆ ಹತ್ತಿರ ಇದ್ದವನು ತನ್ನವರು ಕಳಿಸಿದ ಚೆಂಡನ್ನು ಆಡುವಂತಿಲ್ಲ. ಚೆಂಡು ತಲುಪುವಾಗ ಸ್ಟ್ರೈಕರ್ ಎಲ್ಲಿದ್ದಾನೆ ಎಂಬುದು ನಿಯಮಕ್ಕೆ ಬೇಕಾಗಿಲ್ಲ. ಸಹ ಆಟಗಾರನ ಕಾಲು ಚೆಂಡಿಗೆ ತಾಗಿದ ಕ್ಷಣದಲ್ಲಿ ಎಲ್ಲಿದ್ದ ಎಂಬುದಷ್ಟೇ ಬೇಕು. 1990ರಲ್ಲಿ ನಿಯಮ ಬದಲಾದ ಮೇಲೆ ಕೊನೆಯಿಂದ ಎರಡನೆಯ ಎದುರಾಳಿಗೆ ಸರಿಸಮವಾಗಿ ಇದ್ದರೂ ತಪ್ಪಿಲ್ಲವೆಂದಾಯಿತು, ಅದು ಸ್ಟ್ರೈಕರ್‌ಗೆ ದೊರೆತ ದೊಡ್ಡ ಅನುಕೂಲ. ಆದರೂ ಅವನು ಎರಡು ವಿರುದ್ಧ ಕೆಲಸಗಳನ್ನು ಒಟ್ಟಿಗೆ ಮಾಡಬೇಕು: ಬಿರುಸು ಹಿಡಿದಿರಬೇಕು, ಡಿಫೆಂಡರ್‌ಗಳ ಸಾಲು ದಾಟಿರಬಾರದು. ಅದಕ್ಕಾಗಿಯೇ ಬಲ್ಲ ಸ್ಟ್ರೈಕರ್ ನೇರವಾಗಿ ಗೋಲಿನ ಕಡೆ ಓಡದೆ ಡಿಫೆಂಡರ್‌ಗಳ ಸಾಲಿಗೆ ಉದ್ದಕ್ಕೂ ಓಡಿ, ಒದೆತ ಬಿದ್ದ ಕ್ಷಣಕ್ಕೆ ಸರಿಯಾಗಿ ಕುಡಗೋಲಿನ ಹಾಗೆ ಬಾಗಿ ಒಳಕ್ಕೆ ನುಗ್ಗುತ್ತಾನೆ. ಒದೆತ ಯಾವಾಗ ಬೀಳುತ್ತದೆಂದು ತಿಳಿಯದೆ ಈ ಬಾಗು ಸಾಧ್ಯವಿಲ್ಲ. ವಿಂಗರ್ ಮೊದಲ ತಟ್ಟಿಗೆ ಒದೆಯಬಹುದು, ಮೂರನೆಯದಕ್ಕೆ ಒದೆಯಬಹುದು, ಐದನೆಯದಕ್ಕೂ ಒದೆಯಬಹುದು ಎಂದಾದರೆ ಸ್ಟ್ರೈಕರ್ ಪ್ರತಿ ತಟ್ಟಿಗೂ ಹೊರಟು ಪ್ರತಿ ತಟ್ಟಿಗೂ ಹೆಜ್ಜೆ ತಡೆಯಬೇಕಾಗುತ್ತದೆ. ಎರಡು ಸಲ ಹೆಜ್ಜೆ ತಡೆದವನಲ್ಲಿ ಮೂರನೆಯ ಸಲಕ್ಕೆ ಬಿರುಸು ಉಳಿದಿರುವುದಿಲ್ಲ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಬೇಗ ಬರುವ ಕ್ರಾಸ್‌ನಲ್ಲಿ ಡಿಫೆಂಡರ್ ಒಂದೇ ನೋಟಕ್ಕೆ ಚೆಂಡನ್ನೂ ತನ್ನ ಹಿಂದಿರುವ ಸ್ಟ್ರೈಕರ್‌ನನ್ನೂ ಹಿಡಿಯಲಾರ. ಅವನು ಚೆಂಡಿನ ಕಡೆ ಕುತ್ತಿಗೆ ತಿರುಗಿಸಿದ ಆ ಅರ್ಧ ಸೆಕೆಂಡಿನಲ್ಲಿ ಸ್ಟ್ರೈಕರ್ ಅವನ ಕಣ್ಣಿಗೆ ಇಲ್ಲವಾಗುತ್ತಾನೆ. ಗೋಲಿನ ದೂರದ ಕಂಬದ ಕಡೆ ಎರಡು ಹೆಜ್ಜೆ ಹಾಕಿ ಡಿಫೆಂಡರ್‌ನನ್ನು ಆ ಕಡೆ ವಾಲಿಸಿ, ಅವನ ಎದೆಯ ಮುಂದೆಯೇ ಹತ್ತಿರದ ಕಂಬಕ್ಕೆ ನುಗ್ಗುವ ಜೋಡಿ ಹೆಜ್ಜೆಯ ಗುಟ್ಟು ಇರುವುದು ಇಲ್ಲಿ. ಅದನ್ನು ಕಾಲ ಚಳಕ ಎಂದು ಹೊಗಳುವುದುಂಟು. ನಾನು ಅದನ್ನು ಕಣ್ಣಿನ ಕೆಲಸ ಎನ್ನುತ್ತೇನೆ. ಡಿಫೆಂಡರ್ ಎತ್ತ ನೋಡುತ್ತಿದ್ದಾನೆಂದು ಸ್ಟ್ರೈಕರ್ ನೋಡಬೇಕು, ಸ್ಟ್ರೈಕರ್ ಎಲ್ಲಿದ್ದಾನೆಂದು ವಿಂಗರ್ ನೋಡಿರಬೇಕು.

ಡ್ರೈವರಣ್ಣನ ಎಡಗಾಲು

ನಾನು ಆಡಿ ಬೆಳೆದದ್ದು ಅಮ್ಮತ್ತಿ ಮತ್ತು ಪಾಲಿಬೆಟ್ಟದ ನಡುವಿನ ಒಂದು ಎಸ್ಟೇಟ್ ಮೈದಾನದಲ್ಲಿ. ಇಳಿಜಾರನ್ನು ಕಡಿದು ಮಟ್ಟ ಮಾಡಿದ ಜಾಗ ಅದು. ಒಂದು ಬದಿಯಲ್ಲಿ ದಿಬ್ಬ, ದಿಬ್ಬದ ಮೇಲೆ ಸಿಲ್ವರ್ ಓಕ್ ಮರಗಳ ಸಾಲು. ಇನ್ನೊಂದು ಬದಿಯಲ್ಲಿ ಮುಳ್ಳುತಂತಿ, ಅದರಾಚೆಗೆ ಕೆಳಕ್ಕಿಳಿಯುವ ರೊಬಸ್ಟಾ ಕಾಫಿ ತೋಟ. ಅಗಲ ನಿಯಮದ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆಯೇ ಇತ್ತು. 1990ರ ದಶಕದ ಕೊನೆಯ ವರ್ಷಗಳವು. ನಾನು ತಂಡದ ಸೆಂಟರ್ ಫಾರ್ವರ್ಡ್, ಅಂದರೆ ಸ್ಟ್ರೈಕರ್. ತಂಡ ನೋಡಿಕೊಳ್ಳುತ್ತಿದ್ದವರು ನನ್ನನ್ನು "ಕಂಬ" ಎಂದು ಕರೆಯುತ್ತಿದ್ದರು, ನಿಂತಲ್ಲೇ ನಿಲ್ಲುತ್ತೇನೆಂದು. ಎರಡು ಬೇಸಿಗೆ ನಾನು ಹೆಚ್ಚಿನ ಪಂದ್ಯಗಳನ್ನು ದಿಬ್ಬದ ಮೇಲೆ ಕುಳಿತು ನೋಡಿದೆ. ಆ ಹೆಸರು ನಿಜವೆಂದೇ ನಾನೂ ನಂಬಿದ್ದೆ. ಬೆಳಿಗ್ಗೆ ಎದ್ದು ಪಾಲಿಬೆಟ್ಟದ ರಸ್ತೆಯಲ್ಲಿ ಓಡಿದೆ, ಉಸಿರು ಬೆಳೆಸಿಕೊಂಡೆ, ಏನೂ ಬದಲಾಗಲಿಲ್ಲ. ನನ್ನ ಕೊರತೆ ಉಸಿರಿನಲ್ಲಿರಲಿಲ್ಲ.

ಮೂರನೆಯ ಬೇಸಿಗೆಗೆ ಸಕಲೇಶಪುರದ ಕಡೆಯಿಂದ ಒಬ್ಬರು ಎಸ್ಟೇಟಿನ ಲಾರಿ ಓಡಿಸಲು ಬಂದರು. ನಾವೆಲ್ಲ ಅವರನ್ನು ಡ್ರೈವರಣ್ಣ ಎಂದೇ ಕರೆಯುತ್ತಿದ್ದೆವು. ವಯಸ್ಸು ಮೂವತ್ತು ದಾಟಿತ್ತು, ಬಿರುಸಿನ ಓಟ ಇರಲಿಲ್ಲ, ಲೆಫ್ಟ್ ಬ್ಯಾಕ್ ಆಡುತ್ತಿದ್ದರು. ಎದುರಾಳಿಯ ವಿಂಗರ್‌ನನ್ನು ದಾಟಿ ಹೋಗುವ ಶಕ್ತಿ ತನಗಿಲ್ಲವೆಂದು ತಿಳಿದಿದ್ದರಿಂದಲೋ ಏನೋ, ಅವರು ದಾಟಲು ಹೋಗುತ್ತಲೇ ಇರಲಿಲ್ಲ. ಚೆಂಡು ಕಾಲಿಗೆ ಬಂದರೆ ಎಡಗಾಲಿನ ಹೊರಬದಿಯಿಂದ ಅರ್ಧ ಗಜ ಓರೆಯಾಗಿ ಮುಂದಕ್ಕೆ ತಳ್ಳುವರು. ಬಲಗಾಲನ್ನು ಚೆಂಡಿನ ಪಕ್ಕಕ್ಕೆ ಗಟ್ಟಿಯಾಗಿ ಊರುವರು. ದೇಹ ಬಲಕ್ಕೆ ಸ್ವಲ್ಪ ಒರಗುವುದು. ಎಡಗಾಲು ಚೆಂಡಿನ ಮೈ ಬಳಸಿಕೊಂಡು ಹೋಗುವುದು. ಚೆಂಡು ಮೊದಲು ಕೀಪರ್‌ನ ಕೈಗೇ ಹೋಗುವಂತೆ ಕಾಣುತ್ತಿತ್ತು. ಕೀಪರ್ ಹೊರಡಲು ಮನಸ್ಸು ಮಾಡುವಷ್ಟರಲ್ಲಿ ಅದು ಅವನಿಂದ ದೂರಕ್ಕೆ ಬಾಗಿ ಪೆನಾಲ್ಟಿ ಗುರುತಿನ ಆಚೀಚೆ ಇಳಿಯುತ್ತಿತ್ತು. ಎಡಬದಿಯಿಂದ ಎಡಗಾಲಿನಲ್ಲಿ ಒದ್ದ ಚೆಂಡು ಹಾಗೆಯೇ ಬಾಗುವುದು ಸಹಜ, ಆದರೆ ಅಷ್ಟು ಬೇಗ, ಅಷ್ಟು ದೂರದಿಂದ, ತಟ್ಟಾಟವಿಲ್ಲದೆ ಒದೆಯುವವರನ್ನು ನಾನು ಅಲ್ಲಿಯವರೆಗೆ ನಮ್ಮ ಕಡೆ ಕಂಡಿರಲಿಲ್ಲ.

ಮೊದಲ ಪಂದ್ಯದಲ್ಲಿ ಅವರು ಹಾಗೆ ಮೂರು ಚೆಂಡು ಕಳಿಸಿದರು. ಮೂರೂ ಖಾಲಿ ಜಾಗದಲ್ಲಿ ಬಿದ್ದು ಬಲಬದಿಯ ಗೆರೆ ದಾಟಿದವು. ನಾನು ಆವರಣದ ಹೊರಗೆ ನಿಂತು ನೋಡುತ್ತಿದ್ದೆ. ಹೊರಗಿನಿಂದ ಜನ ಬೈದದ್ದು ಅವರನ್ನು: ಯಾರಿಗೆ ಹಾಕ್ತಿದ್ದೀರಿ, ಅಲ್ಲಿ ಯಾರಿದ್ದಾರೆ ಎಂದು. ಹಾಫ್ ಟೈಮಿನಲ್ಲಿ ಅವರು ಕಿತ್ತಳೆಯನ್ನು ಎರಡು ಹೋಳು ಮಾಡಿ ಅರ್ಧ ನನ್ನ ಕೈಗಿಟ್ಟು ಪಕ್ಕದಲ್ಲಿ ಕುಳಿತರು. "ಬಾಲ್ ಯಾರಿಗೆ ಹಾಕಿದ್ದು ಅಂತ ಗೊತ್ತಾಯ್ತಾ?" ಎಂದರು. ನನಗೆ ಎಂದೆ. "ಮತ್ತೆ ಬರಲಿಲ್ಲ ಯಾಕೆ?" ನೀವು ಹಾಕ್ತೀರಿ ಅಂತ ಗೊತ್ತಿರಲಿಲ್ಲ ಅಣ್ಣ ಎಂದೆ. ಅವರು ಸ್ವಲ್ಪ ಹೊತ್ತು ಕಿತ್ತಳೆ ಬೀಜ ಉಗುಳುತ್ತ ಕುಳಿತು, "ನನ್ನ ತಲೆ ಮೇಲಿದ್ದಾಗ ನೀನು ನಂಗೆ ಕಾಣಿಸ್ಕೊಳ್ಳಬೇಕು. ತಲೆ ತಗ್ಗಿತು ಅಂದ್ರೆ ಒದ್ದಾಯ್ತು ಅಂತ ತಿಳ್ಕೊ. ಆಮೇಲೆ ನನ್ನ ಕಡೆ ನೋಡೋದು ಬೇಡ, ಹೋಗು" ಎಂದರು. ಓಟದ ಬಗ್ಗೆ ನನಗೆ ಯಾರಾದರೂ ಕೊಟ್ಟ ಮೊದಲ ಉಪಯುಕ್ತ ಮಾತು ಅದು. ಅಲ್ಲಿಯವರೆಗೆ ಎಲ್ಲರೂ ಓಡು ಎಂದಿದ್ದರು, ಯಾವಾಗ ಎಂದು ಯಾರೂ ಹೇಳಿರಲಿಲ್ಲ.

ಅದಾದ ಮೇಲೆ ನಾಲ್ಕು ಭಾನುವಾರ ನಾವಿಬ್ಬರೇ ಅಭ್ಯಾಸ ಮಾಡಿದೆವು. ಅವರು ಹನ್ನೆರಡು ಗಂಟೆಗೆ ಲಾರಿ ತೊಳೆದು ಬರುತ್ತಿದ್ದರು. ಮೊದಲ ಭಾನುವಾರ ನಾನು ಅವರ ಕಾಲನ್ನೇ ನೋಡುತ್ತಿದ್ದೆ, ಆದ್ದರಿಂದ ಪ್ರತಿ ಸಲವೂ ತಡವಾಗುತ್ತಿತ್ತು. ಕಾಲು ನೋಡಿ ಹೊರಟರೆ ಚೆಂಡಿನ ಜೊತೆಗೆ ಹೊರಟಂತೆ. ಎರಡನೆಯ ವಾರ ಅವರ ತಲೆ ನೋಡಲು ಕಲಿತೆ. ಚೆಂಡನ್ನು ಓರೆಯಾಗಿ ತಳ್ಳಿದೊಡನೆ ಗಲ್ಲ ಎದೆಗೆ ತಾಗುವ ಹಾಗೆ ತಗ್ಗುತ್ತಿತ್ತು. ಅಲ್ಲಿಂದ ಒದೆತಕ್ಕೆ ಅರ್ಧ ಸೆಕೆಂಡು. ನನ್ನ ಬಾಗು ಓಟಕ್ಕೆ ಆ ಅರ್ಧ ಸೆಕೆಂಡೇ ಬೇಕಾಗಿದ್ದದ್ದು. ನಾಲ್ಕನೆಯ ವಾರದ ಹೊತ್ತಿಗೆ ನಾನು ಅವರ ಕಡೆ ನೋಡುವುದನ್ನೂ ಕಡಿಮೆ ಮಾಡಿದ್ದೆ. ಚೆಂಡು ಎಲ್ಲಿಗೆ ಬರುತ್ತದೆಂಬ ಸಂಶಯ ಉಳಿದಿರಲಿಲ್ಲ, ಹಾಗಾಗಿ ಡಿಫೆಂಡರ್‌ನನ್ನು ನೋಡಲು ಕಣ್ಣಿಗೆ ಬಿಡುವು ಸಿಕ್ಕಿತ್ತು. ಆ ಬೇಸಿಗೆ ನಾನು ಒಂಬತ್ತು ಗೋಲು ಹೊಡೆದೆ. ಆರು ಅವರ ಎಡಗಾಲಿನಿಂದ ಬಂದವು. ಕಂಬ ಎಂದು ಕರೆಯುತ್ತಿದ್ದವರೇ ಹುಡುಗ ಈ ವರ್ಷ ಎಷ್ಟು ಓಡುತ್ತಾನೆ ಎಂದರು.

ಮರುವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಹುಡುಗ ಅವರಿಗಿಂತ ಚುರುಕಾಗಿದ್ದ, ಇಬ್ಬರನ್ನು ದಾಟಿಕೊಂಡು ಕಾರ್ನರ್ ಧ್ವಜದ ತನಕ ಹೋಗುತ್ತಿದ್ದ, ಜನ ಕೂಗಿ ಚಪ್ಪಾಳೆ ತಟ್ಟುತ್ತಿದ್ದರು. ನಾನು ನಾಲ್ಕನೆಯ ಪಂದ್ಯದ ಹೊತ್ತಿಗೆ ಮತ್ತೆ ನಿಲ್ಲತೊಡಗಿದ್ದೆ. ಕಾಲು ಅದೇ, ಉಸಿರು ಅದೇ, ಮನಸ್ಸೂ ಅದೇ. ಬರದ ಚೆಂಡಿಗೆ ಎಷ್ಟು ಸಲ ಓಡಬಹುದು? ದೇಹ ಅದರಷ್ಟಕ್ಕೆ ಲೆಕ್ಕ ಹಾಕುತ್ತದೆ, ಮನಸ್ಸನ್ನು ಕೇಳುವುದಿಲ್ಲ.

ಮಳೆಗಾಲದ ರಾತ್ರಿ ನೋಡಿದ ಎರಡು ಗೋಲು

ದೊಡ್ಡ ಆಟದಲ್ಲಿ ಇದು ಹೇಗೆ ಕಾಣುತ್ತದೆಂದು ತಿಳಿಯಲು ನಾನು ಮತ್ತೆ ಮತ್ತೆ ನೆನೆಯುವುದು ಎರಡು ಗೋಲುಗಳನ್ನು. ಒಂದು 2014ರ ವಿಶ್ವಕಪ್ಪಿನದು. ಬ್ರೆಜಿಲ್ಲಿನ ಸಾಲ್ವಡಾರ್‌ನಲ್ಲಿ ಸ್ಪೇನ್ ಮತ್ತು ನೆದರ್ಲೆಂಡ್ಸ್ ಆಡಿದಾಗ ಇಲ್ಲಿ ರಾತ್ರಿ ಹನ್ನೆರಡೂವರೆ. ಜೂನ್ ತಿಂಗಳು, ಹೊರಗೆ ಮಳೆ, ಕರೆಂಟು ಯಾವಾಗ ಹೋಗುವುದೋ ಎಂಬ ಭಯದಲ್ಲಿಯೇ ನಾವು ನಾಲ್ವರು ಗೆಳೆಯನ ಮನೆಯಲ್ಲಿ ಟಿವಿಯ ಮುಂದೆ ಕುಳಿತಿದ್ದೆವು. ಸ್ಪೇನ್ 1-0 ಮುಂದಿತ್ತು. 44ನೆಯ ನಿಮಿಷದಲ್ಲಿ ನೆದರ್ಲೆಂಡ್ಸ್‌ನ ಡೇಲಿ ಬ್ಲಿಂಡ್ ಎಡಬದಿಯಲ್ಲಿ, ಮೈದಾನದ ನಡುಗೆರೆಯ ಹತ್ತಿರದಿಂದಲೇ, ಉದ್ದಕ್ಕೆ ಓರೆಯಾಗಿ ಚೆಂಡು ಕಳಿಸಿದರು. ರಾಬಿನ್ ವ್ಯಾನ್ ಪರ್ಸಿ ಡಿಫೆಂಡರ್‌ಗಳ ಬೆನ್ನ ಹಿಂದೆ ಓಡಿ, ಗಾಳಿಯಲ್ಲಿ ಅಡ್ಡ ಮಲಗಿದಂತೆ ಹಾರಿ, ಮುಂದೆ ಬಂದಿದ್ದ ಸ್ಪೇನ್ ಕೀಪರ್ ಇಕರ್ ಕಸಿಯಾಸ್ ತಲೆಯ ಮೇಲಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ಪಂದ್ಯವನ್ನು ನೆದರ್ಲೆಂಡ್ಸ್ 5-1ರಿಂದ ಗೆದ್ದಿತು. ಎಲ್ಲರಿಗೂ ನೆನಪಿರುವುದು ಆ ಹಾರುವಿಕೆ. ನನ್ನ ಗೆಳೆಯರು ಕೂಗಿ ಮಲಗಿದ್ದ ಮನೆಯವರನ್ನು ಎಬ್ಬಿಸಿದ್ದೂ ಅದಕ್ಕೇ. ಆದರೆ ಬ್ಲಿಂಡ್ ಇನ್ನೂ ಹತ್ತು ಮೀಟರ್ ಚೆಂಡು ಒಯ್ದಿದ್ದರೆ ವ್ಯಾನ್ ಪರ್ಸಿ ಆಫ್‌ಸೈಡ್ ಆಗುತ್ತಿದ್ದರು, ಇಲ್ಲವೇ ನಿಂತು ಕಾಯುತ್ತಿದ್ದರು. ಕಸಿಯಾಸ್ ಹಿಂದಕ್ಕೆ ಸರಿದು ಗೆರೆಯ ಮೇಲೆ ನಿಂತಿರುತ್ತಿದ್ದರು. ಹಾರುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಇನ್ನೊಂದು 2018ರ ಜೂನ್ 30ರಂದು ರಷ್ಯಾದ ಸೋಚಿಯಲ್ಲಿ ಉರುಗ್ವೆ ಪೋರ್ಚುಗಲ್ ವಿರುದ್ಧ ಹೊಡೆದದ್ದು, ಪಂದ್ಯದ 7ನೆಯ ನಿಮಿಷದಲ್ಲಿ. ಎಡಿನ್ಸನ್ ಕವಾನಿ ಬಲಬದಿಯಿಂದ ಮೈದಾನದ ಆಚೆ ತುದಿಗೆ ಲೂಯಿಸ್ ಸುವಾರೆಜ್‌ಗೆ ಉದ್ದದ ಚೆಂಡು ಕಳಿಸಿ ತಾನು ನಿಲ್ಲಲೇ ಇಲ್ಲ, ಓಡುತ್ತಲೇ ಹೋದರು. ಸುವಾರೆಜ್ ಚೆಂಡನ್ನು ಬಲಗಾಲಿಗೆ ತಂದುಕೊಂಡು ಆವರಣದ ಹೊರಗಿನಿಂದಲೇ ದೂರದ ಕಂಬದ ಕಡೆಗೆ ಬಾಗಿಸಿ ಒದ್ದರು. ಕವಾನಿ ಅಲ್ಲಿಗೆ ತಲುಪಿ ಗೋಲು ಮಾಡಿದರು. ಇಬ್ಬರೂ ಉರುಗ್ವೆಯ ಸಾಲ್ಟೊ ಎಂಬ ಒಂದೇ ಊರಿನವರು, 1987ರಲ್ಲಿ ಮೂರು ವಾರಗಳ ಅಂತರದಲ್ಲಿ ಹುಟ್ಟಿದವರು. ವರ್ಷಗಟ್ಟಲೆ ಒಂದೇ ರಾಷ್ಟ್ರೀಯ ತಂಡದಲ್ಲಿ ಆಡಿದವರ ನಡುವೆ ಮಾತು ಬೇಕಾಗುವುದಿಲ್ಲ. ಕವಾನಿಯ ದುಡಿಮೆಯನ್ನು ಎಲ್ಲರೂ ಹೊಗಳುತ್ತಾರೆ, ಅದು ಹೊಗಳಬೇಕಾದದ್ದೇ. ಆ ದಿನ ಅಷ್ಟು ದೂರ ಓಡಲು ಅವರಿಗೆ ಬಲ ಕೊಟ್ಟದ್ದು ಆಚೆಯವನು ಈಗಲೇ ಕಳಿಸುತ್ತಾನೆಂಬ ಭರವಸೆ ಎಂದು ನಾನು ತಿಳಿದಿದ್ದೇನೆ. ಎರ್ಲಿಂಗ್ ಹಾಲಾಂಡ್ ಮ್ಯಾಂಚೆಸ್ಟರ್ ಸಿಟಿಯಲ್ಲಿ ಮೊದಲ ವರ್ಷವೇ, 2022-23ರಲ್ಲಿ, ಲೀಗಿನಲ್ಲಿ 36 ಗೋಲು ಹೊಡೆದಾಗಲೂ ಬಲಬದಿಯಿಂದ ಕೆವಿನ್ ಡಿ ಬ್ರೂಯ್ನ ಕಾಯದೆ ಕಳಿಸುತ್ತಿದ್ದ ಚೆಂಡುಗಳ ಮೇಲೆಯೇ ನನ್ನ ಕಣ್ಣಿತ್ತು.

ನಮ್ಮ ಸುನಿಲ್ ಛೇಟ್ರಿಯನ್ನೂ ಇಲ್ಲಿ ನೆನೆಯಬೇಕು. ಎತ್ತರದ ಆಳಲ್ಲ. ನಿವೃತ್ತಿಯಿಂದ ಮರಳಿ ಬಂದು 2025ರ ಮಾರ್ಚ್ 19ರಂದು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಮ್ಮ 95ನೆಯ ಅಂತರರಾಷ್ಟ್ರೀಯ ಗೋಲು ಹೊಡೆದದ್ದು ತಲೆಯಿಂದ, ನಲವತ್ತು ದಾಟಿದ ಮೇಲೆ. ತಮಗಿಂತ ಎತ್ತರದ ಡಿಫೆಂಡರ್‌ಗಳ ನಡುವೆ ಅವರು ವರ್ಷಗಟ್ಟಲೆ ತಲೆಯಿಂದ ಗೋಲು ಹೊಡೆಯುತ್ತ ಬಂದದ್ದು ನೆಗೆತದಿಂದಷ್ಟೇ ಅಲ್ಲ, ಹೊರಡುವ ಕ್ಷಣವನ್ನು ಹಿಡಿದದ್ದರಿಂದ.

ಕಾಫಿ ಕಣದಲ್ಲಿ ಕಲಿತ ಆಟ

ಹಾಗಾದರೆ ನಮ್ಮ ಹುಡುಗರು ಯಾಕೆ ಬೇಗ ಒದೆಯುವುದಿಲ್ಲ? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಅವರಿಗೆ ಕಾಲಿಲ್ಲವೆಂದಾಗಲಿ ಬುದ್ಧಿಯಿಲ್ಲವೆಂದಾಗಲಿ ನಾನು ಒಪ್ಪುವುದಿಲ್ಲ. ಕೊಡಗಿನ ತೋಟಗಳಲ್ಲಿ ಕಾರ್ಮಿಕರ ಸಾಲುಮನೆಗಳಾದ ಲೈನ್‌ಮನೆಗಳ ಮಕ್ಕಳು ಚೆಂಡು ಕಲಿಯುವುದು ಕಾಫಿ ಒಣಗಿಸುವ ಕಣದಲ್ಲಿ, ಮನೆಗಳ ನಡುವಿನ ಓಣಿಯಲ್ಲಿ. ಕೊಯ್ಲು ಮುಗಿದು ಕಣ ಖಾಲಿಯಾದರೆ ಅದೇ ಮೈದಾನ. ಸಿಮೆಂಟಿನ ಮೇಲೆ ಚೆಂಡು ಓಡುತ್ತದೆ. ಸ್ವಲ್ಪ ಗಟ್ಟಿಯಾಗಿ ಒದ್ದರೆ ಕಟ್ಟೆ ದಾಟಿ ತೋಟಕ್ಕೆ ಬೀಳುತ್ತದೆ, ಇಳಿಜಾರಿನಲ್ಲಿ ಉರುಳಿ ಕಾಫಿ ಗಿಡದ ಬುಡದಲ್ಲೋ ಕರಿಮೆಣಸಿನ ಬಳ್ಳಿಯ ಕೆಳಗೋ ಸೇರುತ್ತದೆ. ಒದ್ದವನೇ ಹೋಗಿ ತರಬೇಕು ಎಂಬುದು ಎಲ್ಲ ಕಣಗಳಲ್ಲಿಯೂ ಇರುವ ಕಾನೂನು. ಮಳೆಗಾಲವಾದರೆ ಜಿಗಣೆ, ಸಂಜೆಯಾದರೆ ಹಾವಿನ ಭಯ, ಆನೆ ಓಡಾಡುವ ಕಡೆಗಳಲ್ಲಿ ಇನ್ನೂ ದೊಡ್ಡ ಭಯ. ಹೀಗೆ ಬೆಳೆದ ಹುಡುಗ ಚೆಂಡನ್ನು ಕಾಲ ಬುಡದಲ್ಲಿ ಇಟ್ಟುಕೊಂಡು ಇಬ್ಬರನ್ನು ದಾಟುವುದರಲ್ಲಿ ಪಳಗುತ್ತಾನೆ, ಎತ್ತಿ ದೂರಕ್ಕೆ ಕಳಿಸುವುದನ್ನು ತಪ್ಪೆಂದು ತಿಳಿಯುತ್ತಾನೆ. ಹದಿನೆಂಟರಲ್ಲಿ ದೊಡ್ಡ ಮೈದಾನಕ್ಕೆ ಬಂದಾಗ ಅವನ ಕಾಲು ಇನ್ನೂ ಆ ಕಟ್ಟೆಯೊಳಗೇ ಆಡುತ್ತಿರುತ್ತದೆ. ನಾವು ಹೆಚ್ಚಾಗಿ ಆಡುವ, ತಂಡಕ್ಕೆ ಏಳು ಜನರ ಸೆವೆನ್ಸ್ ಪಂದ್ಯಗಳೂ ಚಿಕ್ಕ ಮೈದಾನದವು, ನಮ್ಮ ಕಡೆ ಅವುಗಳಲ್ಲಿ ಆಫ್‌ಸೈಡ್ ಎಣಿಸುವುದಿಲ್ಲ; ಅಲ್ಲಿ ಸ್ಟ್ರೈಕರ್ ಗೋಲಿನ ಮುಂದೆ ಕಾದು ನಿಂತರೂ ನಡೆಯುತ್ತದೆ.

ಒಂದು ವಿಚಿತ್ರವನ್ನು ಹೇಳಬೇಕು. ಮಳೆ ಜೋರಾಗಿರುವ ಕಕ್ಕಡ ತಿಂಗಳಿನಲ್ಲಿ ಕೆಸರು ಗದ್ದೆಯಲ್ಲಿ ಆಡುವಾಗ ಇದೇ ಹುಡುಗರು ಬೇಗ ಒದೆಯುತ್ತಾರೆ. ಕೆಸರಿನಲ್ಲಿ ಚೆಂಡು ಉರುಳುವುದಿಲ್ಲ, ತಟ್ಟಿದರೆ ಬಿದ್ದಲ್ಲೇ ಹೂತು ನಿಲ್ಲುತ್ತದೆ, ಎತ್ತಿ ಕಳಿಸದೆ ಬೇರೆ ದಾರಿ ಇಲ್ಲ. ಮೊಣಕಾಲುದ್ದ ಕೆಸರಿನಲ್ಲಿ ಸ್ಟ್ರೈಕರ್ ಓಡಲಾರ ಎಂಬುದು ಬೇರೆ ಮಾತು. ಆದರೆ ಎತ್ತಿ ಒದೆಯುವ ಕಾಲು ಅವರಲ್ಲಿದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ.

ನೋಡುವವರ ಕಣ್ಣಿನ ಬಗೆಗೂ ಒಂದು ಮಾತು. ನಮ್ಮದು ಹಾಕಿಯ ನಾಡು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇದ್ದರು, ನಮ್ಮ ಕಾಲಕ್ಕೆ ಸೋಮವಾರಪೇಟೆಯ ಎಸ್.ವಿ. ಸುನಿಲ್ ಗಾಳಿಯಂತೆ ಓಡಿ ಗೋಲಿನ ಮುಂದಿನ ಡಿ ವೃತ್ತದೊಳಗೆ ಚೆಂಡು ಹೊಡೆಯುವುದನ್ನು ನೋಡಿದ್ದೇವೆ. ಹಾಕಿಯಲ್ಲಿ 1990ರ ದಶಕದ ಕೊನೆಯ ವರ್ಷಗಳಿಂದ ಆಫ್‌ಸೈಡ್ ಇಲ್ಲ. ಫಾರ್ವರ್ಡ್ ದೂರದ ಕಂಬದ ಬಳಿ ಮೊದಲೇ ಹೋಗಿ ಕಾದಿರಬಹುದು, ಬದಿಯಿಂದ ಬಂದ ಬಿರುಸಿನ ಚೆಂಡಿಗೆ ಸ್ಟಿಕ್ ತಾಗಿಸಿದರೆ ಸಾಕು. ಆ ಆಟ ನೋಡಿ ಪಳಗಿದ ನಮ್ಮ ಪ್ರೇಕ್ಷಕರು ಫುಟ್‌ಬಾಲ್ ಮೈದಾನದ ಬದಿಯಲ್ಲಿಯೂ "ಒಳಗೆ ಹೋಗಿ ನಿಲ್ಲು" ಎಂದೇ ಕೂಗುತ್ತಾರೆ. ಹುಡುಗ ಒಳಗೆ ಹೋಗಿ ನಿಂತರೆ ಲೈನ್ಸ್‌ಮನ್ ಧ್ವಜ ಎತ್ತುತ್ತಾನೆ. ಹೊರಗೆ ನಿಂತು ಒಳಗೆ ಓಡಿದರೆ ಚೆಂಡು ಬರುವುದಿಲ್ಲ. ಎರಡಕ್ಕೂ ಬೈಗುಳ ಅವನಿಗೇ.

ತಡವಾಗಿ ಬರುವ ಕ್ರಾಸ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಗೋಲ್ ಲೈನಿನ ತನಕ ಹೋಗಿ ಹಿಂದಕ್ಕೆ ಎಳೆದು ಕೊಡುವ ಚೆಂಡು ಬಹಳ ಅಪಾಯಕಾರಿ, ಅಲ್ಲಿ ಸ್ಟ್ರೈಕರ್ ಚೆಂಡಿಗಿಂತ ಹಿಂದಿರುವುದರಿಂದ ಆಫ್‌ಸೈಡಿನ ಚಿಂತೆಯೂ ಇಲ್ಲ. ಆದರೆ ಅದಕ್ಕೆ ಬೇಕಾದ ಚಲನೆಯೇ ಬೇರೆ. ಎಲ್ಲರೂ ಗೋಲಿನ ಕಡೆ ಧಾವಿಸುವಾಗ ಸ್ಟ್ರೈಕರ್ ತಟ್ಟನೆ ತಡೆದು ಪೆನಾಲ್ಟಿ ಗುರುತಿನ ಬಳಿ ಹಿಂದೆ ಉಳಿಯಬೇಕು. ಒಂದಕ್ಕೆ ನುಗ್ಗಬೇಕು, ಇನ್ನೊಂದಕ್ಕೆ ಉಳಿಯಬೇಕು. ಯಾವುದು ಬರುತ್ತದೆಂದು ತಿಳಿಯದವನು ಎರಡರ ನಡುವೆ ಸಿಕ್ಕಿಬೀಳುತ್ತಾನೆ, ದಿಬ್ಬದ ಮೇಲೆ ಕುಳಿತವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ. ಕ್ರಾಸ್ ಎಂಬುದೇ ಹಳೆಯ ಕಾಲದ ದಂಡದ ಕೆಲಸ ಎಂದು ವಾದಿಸುವವರು 2014ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಫುಲ್ಹ್ಯಾಮ್ ವಿರುದ್ಧ 80ಕ್ಕೂ ಹೆಚ್ಚು ಕ್ರಾಸ್ ಹಾಕಿ 2-2ರ ಸಮಕ್ಕೆ ನಿಂತದ್ದನ್ನು ಉದಾಹರಿಸುತ್ತಾರೆ. ಆ ಪಂದ್ಯದಲ್ಲಿ ಫುಲ್ಹ್ಯಾಮ್ ತನ್ನ ಆವರಣವನ್ನು ಜನರಿಂದ ತುಂಬಿಸಿ ನಿಂತಿತ್ತು. ಮುಖ ಹೊರಗೆ ಮಾಡಿ ನಿಂತ ಡಿಫೆಂಡರ್‌ಗಳಿಗೆ ಎತ್ತರದ ಚೆಂಡು ತಲೆಯಿಂದ ತಳ್ಳುವ ಅಭ್ಯಾಸವಿದ್ದಂತೆ. ಎಣಿಕೆಯಲ್ಲಿ ಎಲ್ಲವೂ ಕ್ರಾಸ್ ಎಂದೇ ಬರುತ್ತದೆ. ಬೇಗ ಬಂದದ್ದನ್ನೂ ತಡವಾಗಿ ಬಂದದ್ದನ್ನೂ ಒಂದೇ ರಾಶಿಗೆ ಸುರಿದು ತೂಗಿದರೆ, ಹಣ್ಣು ಕಾಫಿಯನ್ನೂ ಹಸಿರು ಕಾಯಿಯನ್ನೂ ಒಂದೇ ಚೀಲಕ್ಕೆ ತುಂಬಿ ಬೆಲೆ ಕಟ್ಟಿದಂತಾಗುತ್ತದೆ.

ಹೊಸ ಕಾನೂನು

ಮಳೆ ಹಿಡಿಯುವ ಮೊದಲು ಉಳಿದಿದ್ದ ಮೂರು ವಾರಗಳಲ್ಲಿ ನಾನು ಅಭ್ಯಾಸದಲ್ಲಿ ಒಂದೇ ಒಂದು ಬದಲಾವಣೆ ಮಾಡಿದೆ. ಬದಿಯ ಆಟಗಾರ ಮೂರನೆಯ ತಟ್ಟಿನೊಳಗೆ ಒದೆಯಬೇಕು. ಸ್ಟ್ರೈಕರ್ ಓಡದೆ ಹೋಗಿ ಚೆಂಡು ತೋಟಕ್ಕೆ ಬಿದ್ದರೆ ತರಬೇಕಾದವನು ಸ್ಟ್ರೈಕರ್. ಓಡಿಯೂ ಸಿಗದೆ ಹೋದರೆ ನಾನು ತರುತ್ತೇನೆ. ಒದ್ದವನು ಯಾವ ಕಾರಣಕ್ಕೂ ತಂತಿ ದಾಟಬೇಕಾಗಿಲ್ಲ. ಬಲಬದಿಯ ವಿಂಗರ್ ಇದನ್ನು ಕೇಳಿ, "ಅಣ್ಣ, ನಿಜವಾಗಿಯೂ?" ಎಂದು ಎರಡು ಸಲ ಕೇಳಿದ.

ಮೊದಲ ಸಂಜೆ ಅವನ ಒದೆತಗಳು ಎಲ್ಲೆಲ್ಲಿಗೋ ಹೋದವು. ಒಂದು ದಿಬ್ಬಕ್ಕೆ, ಒಂದು ಕೀಪರ್‌ನ ಎದೆಗೆ, ಒಂದು ಸಿಲ್ವರ್ ಓಕ್ ಮರದ ಕೊಂಬೆಗೆ. ಅವನಿಗೆ ನಾನು ಹೇಳಿದ್ದು ಎರಡೇ ಮಾತು: ಚೆಂಡನ್ನು ಓರೆಯಾಗಿ ತಳ್ಳು, ತಲೆ ಎತ್ತಿ ಒಮ್ಮೆ ನೋಡು. ಮೂರನೆಯ ಸಂಜೆ ಒಂದು ಚೆಂಡು ಸರಿಯಾಗಿ ಬಾಗಿ ಡಿಫೆಂಡರ್‌ಗಳ ಹಿಂದೆ ಇಳಿಯಿತು. ಸ್ಟ್ರೈಕರ್ ಹುಡುಗ ನಿಂತಿದ್ದ. ಬರುವುದಿಲ್ಲವೆಂದು ಅವನ ದೇಹಕ್ಕೆ ಅಷ್ಟು ಗಟ್ಟಿಯಾಗಿ ತಿಳಿದಿತ್ತು. ಚೆಂಡು ಒಂದು ಪುಟ ನೆಗೆದು, ಆಚೆಯ ಗೆರೆ ದಾಟಿ, ತಂತಿಯ ಕೆಳಗೆ ನುಸುಳಿ ತೋಟದೊಳಗೆ ಉರುಳಿತು. ಯಾರೂ ಏನೂ ಅನ್ನಲಿಲ್ಲ. ಅವನು ತಂತಿಯನ್ನು ಒಂದು ಕೈಯಿಂದ ಎತ್ತಿ ಬಗ್ಗಿ ಒಳಗೆ ಹೋದ, ಗಿಡಗಳ ನಡುವೆ ಸ್ವಲ್ಪ ಹೊತ್ತು ಕಾಣಿಸಲಿಲ್ಲ. ಚೆಂಡು ಹಿಡಿದು ಬಂದಾಗ ತೋಳಿಗೆ ಜೇಡನ ಬಲೆ ಅಂಟಿಕೊಂಡಿತ್ತು. ಅದನ್ನು ಒರೆಸಿಕೊಳ್ಳುತ್ತ ವಿಂಗರ್‌ನ ಹತ್ತಿರ ಹೋಗಿ ಚೆಂಡು ಅವನ ಕೈಗೇ ಕೊಟ್ಟು, "ಮತ್ತೆ ಹಾಗೇ ಹಾಕ್ತೀಯಾ?" ಎಂದ. ವಿಂಗರ್ ತಲೆಯಾಡಿಸಿದ. ಹುಡುಗ ಆವರಣದ ಗೆರೆಯ ಹತ್ತಿರಕ್ಕೆ ಬಂದು ಡಿಫೆಂಡರ್‌ನ ಹಿಂದೆ ನಿಂತು, ಈ ಸಲ ಚೆಂಡನ್ನು ಬಿಟ್ಟು ವಿಂಗರ್‌ನ ತಲೆಯನ್ನು ನೋಡತೊಡಗಿದ.